ಗುರುತು ಸಿಗದವರ ಶಾಮಿಯಾನ

ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡ ನಿಂತುಹೋಯಿತು. ಇದ್ದವರು ನಾವಿಬ್ಬರೇ. ಕೊನೆಯ ಮೂರು ವರ್ಷ ಅಮ್ಮನಿಗೆ ಮರೆವು ಹೆಚ್ಚಿ ತಮಿಳು ಪೂರ್ತಿ ಅಳಿಸಿಹೋಗಿತ್ತು. ಐವತ್ತು ವರ್ಷ ಮಾಂಬಲಂ ಸ್ಟೇಷನ್ನಿನ ಪಕ್ಕದ ತರಕಾರಿ ಅಂಗಡಿಗಳಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡಿದವಳು, ಕೆಲಸದವಳು ಬಂದು "ಸಾಪ್ಟೀಂಗಳಾ ಪಾಟಿ?" ಎಂದು ಊಟದ ವಿಚಾರ ಕೇಳಿದರೆ ಗಾಬರಿಯಿಂದ ನನ್ನ ಮುಖ ನೋಡುತ್ತಿದ್ದಳು. ನಾನು ಚೀಲ ಕೈಗೆತ್ತಿಕೊಂಡರೆ ಸಾಕು, "ಎಲ್ಲಿಗ್ ಹೋಪುದ್ ಹೆಣೆ?" ಎಂದು ಕುಂದಾಪುರದ ಕಡೆಯ ಮಾತಿನಲ್ಲಿ ಕೇಳುವಳು. "ಎಲ್ಲಿಗೂ ಇಲ್ಲ ಅಮ್ಮ, ಹಾಲಿಗೆ" ಎನ್ನುತ್ತಿದ್ದೆ. ಅವಳು ಹೋದ ಮೇಲೆ ನಾನು ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಕೇಳುವವರು ಈ ಮದರಾಸಿನಲ್ಲಿ ಒಬ್ಬರೂ ಉಳಿಯಲಿಲ್ಲ.

ಅಪ್ಪ ಹುಡುಗನಾಗಿದ್ದಾಗಲೇ ಈ ಊರಿಗೆ ಬಂದು ಒಂದು ಹೋಟೆಲಿನ ಅಡುಗೆಮನೆಯಲ್ಲಿ ಸೇರಿದವರು. ನಾನು ಹುಟ್ಟಿದ್ದು, ಓದಿದ್ದು, ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದದ್ದು ಎಲ್ಲ ಇಲ್ಲೇ. ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನೋಡಲು ಬಂದವರು ಒಪ್ಪಲಿಲ್ಲ, ಆಮೇಲೆ ನೋಡಲು ಬರುವುದೂ ನಿಂತಿತು. ಅಮ್ಮನನ್ನು ಒಬ್ಬಳೇ ಬಿಡಲಾಗದೆ ನಿವೃತ್ತಿಗೆ ನಾಲ್ಕು ವರ್ಷ ಇರುವಾಗಲೇ ಕೆಲಸ ಬಿಟ್ಟೆ. ಹಾಗಾಗಿ ಅಮ್ಮ ಹೋದಾಗ ನನಗೆ ಕಚೇರಿಯೂ ಇರಲಿಲ್ಲ.

ನಮ್ಮ ಬೀದಿಗೆ ಭಾನುವಾರ ಬೆಳಿಗ್ಗೆ ಒಂದು ಉಚಿತ ವಾರಪತ್ರಿಕೆ ಬರುತ್ತದೆ. ಹೆಚ್ಚಿನವರು ಅದನ್ನು ಕಪಾಟಿನ ತಳಕ್ಕೆ ಹಾಸಲು ಇಟ್ಟುಕೊಳ್ಳುತ್ತಾರೆ. ಅದರ ಮೂರನೆಯ ಪುಟದಲ್ಲಿ ಮುಂದಿನ ವಾರದ ಕಾರ್ಯಕ್ರಮಗಳ ಪಟ್ಟಿ ಇರುತ್ತದೆ: ಕಣ್ಣಿನ ತಪಾಸಣೆ, ವಾರ್ಡಿನ ಸಭೆ, ರಕ್ತದಾನ, ಉಪನ್ಯಾಸ, ಕಸ ಬೇರ್ಪಡಿಸುವ ತರಬೇತಿ. ಒಂದು ಭಾನುವಾರ ಪಲ್ಯಕ್ಕೆ ಬೀನ್ಸ್ ಹೆಚ್ಚುತ್ತ ಆ ಪುಟ ಓದಿದೆ. ಪ್ರತಿ ಸೂಚನೆಯ ಕೊನೆಗೂ ಒಂದೇ ಸಾಲು: ಎಲ್ಲರೂ ಬರಬಹುದು. ಆ ಸಾಲನ್ನು ಎರಡು ಮೂರು ಸಲ ಓದಿದೆ. ಎಲ್ಲರೂ ಎಂದರೆ ನಾನೂ ತಾನೇ?

ಮೊದಲು ಹೋದದ್ದು ಕಣ್ಣಿನ ತಪಾಸಣೆಗೆ. ಕಣ್ಣು ಚೆನ್ನಾಗಿಯೇ ಇತ್ತು. ಆದರೂ ಸಾಲಿನಲ್ಲಿ ಒಂದೂವರೆ ಗಂಟೆ ನಿಂತೆ. ಹಿಂದೆ ಮುಂದೆ ಜನ ಇದ್ದರು, ಅವರವರ ಸೊಸೆಯಂದಿರ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಮುಂದಿನ ತಿಂಗಳು ಸೌಕಾರ್‌ಪೇಟೆಯ ಒಂದು ಛತ್ರದಲ್ಲಿ ಇನ್ನೊಂದು ಶಿಬಿರವಿತ್ತು. ಅಲ್ಲಿಗೂ ಹೋದೆ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಅಮ್ಮಾ, ನಿಮ್ಮನ್ನ ಆಗಲೇ ನೋಡಿದ್ದೀನಿ ಅಲ್ವಾ?" ಎಂದು ತಮಿಳಿನಲ್ಲಿ ಕೇಳಿದರು. ನನಗೆ ನಾಚಿಕೆಯಾಯಿತು. ಆದರೆ ಬಸ್ಸಿನಲ್ಲಿ ಬರುವಾಗ ಯೋಚಿಸಿದೆ, ಆ ತಿಂಗಳಿಡೀ ನನ್ನ ಮುಖ ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ.

ಹೀಗೆ ಅಭ್ಯಾಸವಾಯಿತು. ಯಾವ ಸಭಾಂಗಣದಲ್ಲಿ ಯಾವ ಫ್ಯಾನು ತಿರುಗುವುದಿಲ್ಲ, ಎಲ್ಲಿ ಕಾಫಿ ಕೊಡುತ್ತಾರೆ, ಎಲ್ಲಿ ಬರೀ ಭಾಷಣ ಎಲ್ಲ ತಿಳಿಯಿತು. ಪಲ್ಲಾವರಂನ ಶುಕ್ರವಾರದ ಸಂತೆಯ ಜನಜಂಗುಳಿ ದಾಟಿಕೊಂಡು ರಸ್ತೆ ಸುರಕ್ಷತೆಯ ಉಪನ್ಯಾಸವೊಂದಕ್ಕೂ ಹೋಗಿಬಂದೆ. ನನಗೆ ಸೈಕಲ್ ಕೂಡ ಬಿಡಲು ಬರುವುದಿಲ್ಲ. ಒಮ್ಮೆ ವಾರ್ಡಿನ ಸಭೆಯಲ್ಲಿ ಕೈ ಎತ್ತಿ, ರೇಷನ್ ಅಂಗಡಿಯ ಎದುರು ಫುಟ್‌ಪಾತಿನ ಕಲ್ಲು ಅಲ್ಲಾಡುತ್ತಿದೆ, ವಯಸ್ಸಾದವರು ಬೀಳುತ್ತಾರೆ ಎಂದು ಹೇಳಿದೆ. ನಲವತ್ತು ಜನ ಹಿಂತಿರುಗಿ ನನ್ನನ್ನು ನೋಡಿದರು. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ಆ ದಿನ ಬೆಳಿಗ್ಗೆಯಿಂದ ನಾನು ಆಡಿದ ಮೊದಲ ಮಾತೇ ಅದಾಗಿತ್ತು. ಸಭೆ ಮುಗಿದ ಮೇಲೆ ಎಲ್ಲರೂ ಜೊತೆ ಜೊತೆಯಾಗಿ ಮಾತಾಡುತ್ತ ಹೊರಟರು. ನಾನು ಕೊಡೆ ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ನಿಂತಿದ್ದು ಹೊರಟೆ.

ಹೋದ ವರ್ಷಕ್ಕೆ ಹಿಂದಿನ ವರ್ಷ, ಮಳೆಗಾಲ ಇನ್ನೂ ಶುರುವಾಗಿರಲಿಲ್ಲ, ಪಟ್ಟಿಯಲ್ಲಿ ಒಂದು ವಿಚಿತ್ರ ಸೂಚನೆ ಬಂತು. ಒಂದು ಸ್ವಯಂಸೇವಕರ ಗುಂಪು ಶಾಲೆಯೊಂದರ ಮೈದಾನದಲ್ಲಿ ಮಾಕ್ ಡ್ರಿಲ್ ನಡೆಸುತ್ತಿತ್ತು. ಕಟ್ಟಡ ಕುಸಿದರೆ ಜನರನ್ನು ಹೇಗೆ ಕಾಪಾಡಬೇಕು ಎಂಬ ಅಭ್ಯಾಸ. ಗಾಯಾಳುಗಳಾಗಿ ಮಲಗಲು ಜನ ಬೇಕಾಗಿದ್ದಾರೆ, ವಯಸ್ಸಿನ ಮಿತಿ ಇಲ್ಲ, ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ ಎಂದಿತ್ತು. ಬೇಕಾಗಿದ್ದಾರೆ ಎಂಬ ಮಾತು ನನ್ನನ್ನು ಎಳೆಯಿತು. ಫೋನು ಮಾಡಿ ಹೆಸರು ಕೊಟ್ಟೆ.

ಶನಿವಾರ ಬೆಳಿಗ್ಗೆ ಏಳಕ್ಕೇ ಹೋದೆ. ಹಣೆಗೆ, ಮೊಣಕೈಗೆ ಕೆಂಪು ಬಣ್ಣ ಬಳಿದು, ಮೈದಾನದ ಮೂಲೆಯಲ್ಲಿ ಬಿದಿರು, ರಟ್ಟಿನ ಪೆಟ್ಟಿಗೆಗಳ ರಾಶಿಯ ಪಕ್ಕದಲ್ಲಿ ಮಲಗಿಸಿದರು. ಸೀಟಿ ಊದಿದ ಕೂಡಲೇ ನಾಲ್ವರು ಓಡಿಬಂದು ನನ್ನನ್ನು ಸ್ಟ್ರೆಚರಿಗೆ ಎತ್ತಿ ಹಾಕಿದರು. ಯಾರೋ ನನ್ನನ್ನು ಎತ್ತಿ ಎಷ್ಟು ವರ್ಷವಾಗಿತ್ತು! ಆಕಾಶ ಅಲ್ಲಾಡುತ್ತಿತ್ತು. ನನಗೆ ನಗು ಬಂತು, ತಡೆದುಕೊಂಡೆ.

ಒಂದು ಮೇಜಿನ ಹತ್ತಿರ ಇಳಿಸಿದರು. ಕಾಲೇಜಿನ ಹುಡುಗಿಯೊಬ್ಬಳು ಫಾರಂ ಹಿಡಿದು ಬಗ್ಗಿದಳು. ಹೆಸರು, ವಯಸ್ಸು, ರಕ್ತದ ಗುಂಪು ಕೇಳಿದಳು. ಹೇಳಿದೆ. ಆಮೇಲೆ, "ಆಂಟಿ, ಯಾರುಕ್ಕು ತಗವಲ್ ಸೊಲ್ಲಣುಂ?" ಎಂದಳು. ಯಾರಿಗೆ ಸುದ್ದಿ ಮುಟ್ಟಿಸಬೇಕು?

ನಾನು ಅವಳ ಕೈಯ ಪೆನ್ನನ್ನೇ ನೋಡಿದೆ.

"ಮನೇಲಿ ಯಾರಿದ್ದಾರೆ ಆಂಟಿ? ಗಂಡ, ಮಗ, ಯಾರಾದ್ರೂ?"

"ಯಾರೂ ಇಲ್ಲಮ್ಮ."

"ಇದು ಸುಮ್ಮನೆ ಪ್ರಾಕ್ಟೀಸ್ ಆಂಟಿ. ಯಾವುದೋ ಒಂದು ಹೆಸರು ಹೇಳಿ, ಬರ್ಕೋತೀನಿ."

ಯಾವುದೋ ಒಂದು ಹೆಸರು ಹೇಳಬಹುದಿತ್ತು. ಊರಿನಲ್ಲಿ ದೊಡ್ಡಪ್ಪನ ಮಕ್ಕಳಿದ್ದಾರೆ, ದೀಪಾವಳಿಗೆ ಒಂದು ಫೋನು ಮಾಡುತ್ತಾರೆ. ಕೆಳಗಿನ ಮನೆಯವರಿದ್ದಾರೆ. ಆದರೆ ಅಂಗಾತ ಮಲಗಿ, ಹಣೆಯ ಮೇಲೆ ಬಣ್ಣ ಒಣಗುತ್ತಿರುವಾಗ, ಒಂದು ಹೆಸರೂ ಬಾಯಿಗೆ ಬರಲಿಲ್ಲ. ಮನಸ್ಸಿಗೆ ಬಂದ ಹೆಸರು ಅಮ್ಮನದೊಂದೇ. ಹುಡುಗಿ ಸ್ವಲ್ಪ ಕಾದಳು. ಹಿಂದೆ ಇನ್ನೊಂದು ಸ್ಟ್ರೆಚರ್ ಬಂದಿತ್ತು. ಅವಳು ಆ ಜಾಗದಲ್ಲಿ ಒಂದು ಗೀಟು ಎಳೆದು, ನನ್ನ ಮಣಿಕಟ್ಟಿಗೆ ಹಳದಿ ಚೀಟಿ ಕಟ್ಟಿ, ಹೊತ್ತವರಿಗೆ ಕೈ ತೋರಿಸಿದಳು. ಮೈದಾನದ ಆ ತುದಿಯಲ್ಲಿ ಒಂದು ಸಣ್ಣ ಶಾಮಿಯಾನ. ಗುರುತು ಸಿಗದವರನ್ನು, ಸುದ್ದಿ ಮುಟ್ಟಿಸಲು ಯಾರೂ ಇಲ್ಲದವರನ್ನು ಇಡುವ ಜಾಗ ಅದು.

ಅಲ್ಲಿ ಆಗಲೇ ಒಬ್ಬರು ಚಾಪೆಯ ಮೇಲೆ ಮಲಗಿದ್ದರು. ಅರವತ್ತೇಳು ಅರವತ್ತೆಂಟರ ಹೆಂಗಸು, ನೂಲಿನ ಸೀರೆ, ತಲೆಗೆ ದೊಡ್ಡ ಬ್ಯಾಂಡೇಜು. ನನ್ನನ್ನು ಪಕ್ಕದ ಚಾಪೆಗೆ ಇಳಿಸಿ ಹುಡುಗರು ಓಡಿದರು. ಬೆನ್ನಿಗೆ ಕಲ್ಲು ಚುಚ್ಚಿತು.

"ಅಯ್ಯೋ ದೇವ್ರೆ, ಬೆನ್ನು ಮುರೀತು" ಎಂದೆ, ನನ್ನಷ್ಟಕ್ಕೆ.

ಪಕ್ಕದ ಬ್ಯಾಂಡೇಜು ಮೆಲ್ಲನೆ ನನ್ನ ಕಡೆ ತಿರುಗಿತು. "ಯೇನು, ಕನ್ನಡವಾ?"

"ಹೌದು. ನೀವೂ?"

"ನಾವು ಕನ್ನಡದವರೇ ತಾನೆ! ನಮ್ ತಾತನ ತಾತ ಕಾಲದಿಂದ ಈ ಕಡೆ ಬಂದು ಸೆಟ್ಲ್ ಆಗಿಬಿಟ್ಟೋರು. ನಮ್ಮ ಕನ್ನಡ ಕೇಳಿದ್ರೆ ನಿಮಗೆ ರೊಂಬ ಸಿರಿಪ್ಪು ಬರತ್ತೆ." ಅವರೇ ನಕ್ಕರು. ಆಮೇಲೆ ತಲೆ ಮುಟ್ಟಿಕೊಂಡು, "ನೋಡಿ, ಹೀಗಾ ಕಟ್ಟು ಕಟ್ಟೋದು? ನಿಜವಾಗಿ ಗಾಯ ಇದ್ದಿದ್ರೆ ಇಷ್ಟೊತ್ತಿಗೆ ಕಥೆ ಮುಡಿಂಜು ಹೋಗಿರೋದು. ನಾನು ಮೂವತ್ತಾರು ವರ್ಷ ನರ್ಸು."

"ನಿಮ್ಮನ್ನ ಯಾಕೆ ಇಲ್ಲಿ ಹಾಕಿದ್ರು?"

"ನಿಮ್ಮನ್ನ ಯಾಕೆ ಹಾಕಿದ್ರೋ ಅದಕ್ಕೇ."

ಅಷ್ಟೇ ಹೇಳಿ ಶಾಮಿಯಾನದ ಬಟ್ಟೆ ನೋಡುತ್ತ ಮಲಗಿದರು. ನಾನೂ ನೋಡಿದೆ. ಅಲ್ಲಿ ಒಂದು ತೂತಿತ್ತು, ಅದರಿಂದ ಬಿಸಿಲು ಅವರ ಸೀರೆಯ ಮೇಲೆ ಬೀಳುತ್ತಿತ್ತು.

ಮೈಕಿನಲ್ಲಿ ಏನೇನೋ ಹೇಳಿದರು. ಸೀಟಿ ಊದಿದರು. ಚಪ್ಪಾಳೆ ಕೇಳಿಸಿತು, ಆಮೇಲೆ ಧನ್ಯವಾದದ ಭಾಷಣ, ಆಮೇಲೆ ಬಹಳ ಜನ ಒಟ್ಟಿಗೆ ಮಾತಾಡುವ ಗಲಾಟೆ. ನಾವು ಯಾರಾದರೂ ಬಂದು ಎಬ್ಬಿಸುತ್ತಾರೆ ಎಂದು ಮಲಗಿಯೇ ಇದ್ದೆವು. ಅಲ್ಲಾಡಬಾರದು ಎಂದು ಹೇಳಿದ್ದರಲ್ಲ. ಗಲಾಟೆ ಕಡಿಮೆಯಾಯಿತು. ಒಂದು ವ್ಯಾನು ಹೊರಟ ಸದ್ದು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇದು ಆಟವಲ್ಲದಿದ್ದರೆ? ಒಂದು ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದರೆ ಹೀಗೇ ಒಂದು ಕಡೆ ಇಟ್ಟು ಹೋಗುತ್ತಾರೆ. ಬೀಗ ಹಾಕಿದ ನನ್ನ ಮನೆ, ಒಣಗಲು ಹಾಕಿದ ಸೀರೆ, ಫ್ರಿಜ್ಜಿನ ಮೊಸರು ಎಲ್ಲ ಕಣ್ಣಿಗೆ ಕಟ್ಟಿತು. ಕಣ್ಣೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಆಕೆ ನೋಡಿದರು. ಎದ್ದು ಕೂತು ತಲೆಯ ಬ್ಯಾಂಡೇಜನ್ನು ಸರಸರ ಬಿಚ್ಚಿ ಉಂಡೆ ಮಾಡಿದರು. "ಏಳಿ. ನಮ್ಮನ್ನ ಮರ್ತುಬಿಟ್ರು."

ಹೊರಗೆ ಬಂದರೆ ಮೈದಾನದಲ್ಲಿ ಕುರ್ಚಿ ಮಡಚುತ್ತಿದ್ದವರು ಇಬ್ಬರೇ. ಊಟದ ಪೊಟ್ಟಣಗಳು ಮುಗಿದಿದ್ದವು. ಫಾರಂ ಬರೆದ ಹುಡುಗಿ ಗೇಟಿನ ಹತ್ತಿರ ನಮ್ಮನ್ನು ಕಂಡು ಬಾಯಿಗೆ ಕೈ ಇಟ್ಟುಕೊಂಡು ಓಡಿಬಂದಳು. "ಸಾರಿ ಆಂಟಿ, ಸಾರಿ ಆಂಟಿ" ಎಂದಳು, ಅಳುವ ಹಾಗಿದ್ದಳು. "ಪರವಾಯಿಲ್ಲ ಮ್ಮಾ" ಎಂದು ಆಕೆಯೇ ಅವಳ ಬೆನ್ನು ತಟ್ಟಿದರು. "ಮುಂದಿನ ಸಲ ಆ ಟೆಂಟಿಗೂ ಒಂದು ಆಳು ಹಾಕಿ. ಅಷ್ಟೆ."

ಶಾಲೆಯ ನಲ್ಲಿಯಲ್ಲಿ ಬಣ್ಣ ತೊಳೆದೆವು. ಪೂರ್ತಿ ಹೋಗಲಿಲ್ಲ. ಹಾಗೇ ಪಕ್ಕದ ಬೀದಿಯ ಹೋಟೆಲಿಗೆ ಹೋಗಿ ಕೂತೆವು. ನಮ್ಮ ಹಣೆ ನೋಡಿ ಸಪ್ಲೈಯರು ಒಂದು ಹೆಜ್ಜೆ ಹಿಂದೆ ಸರಿದ. ಆಕೆ ಮಸಾಲೆ ದೋಸೆ ತಿನ್ನುತ್ತ ತಮ್ಮ ಕಥೆ ಹೇಳಿದರು. ಮನೆತನ ಬಹಳ ಆಚಾರದ್ದು. ನರ್ಸಿಂಗ್ ಓದಲು ಹೊರಟಾಗ ತಂದೆ ಮಾತು ಬಿಟ್ಟರು. ಕಂಡವರ ಮೈ ಮುಟ್ಟುವ ಕೆಲಸ ಎಂದು ಕುಂಭಕೋಣದಲ್ಲಿದ್ದ ಅಣ್ಣ ಮನೆಯ ಒಂದು ಶುಭಕಾರ್ಯಕ್ಕೂ ಕರೆಯಲಿಲ್ಲ. ಮದುವೆ, ಉಪನಯನ, ಗೃಹಪ್ರವೇಶ, ಯಾವುದಕ್ಕೂ ಇಲ್ಲ. ಎಲ್ಲ ಆದ ಮೇಲೆ ಯಾರಿಂದಲೋ ಗೊತ್ತಾಗುತ್ತಿತ್ತು.

"ಅದಕ್ಕೇ ನನಗೆ ಈ ಮೀಟಿಂಗು, ಕ್ಯಾಂಪು ಅಂದ್ರೆ ಇಷ್ಟ" ಎಂದರು. "ಇಲ್ಲಿ ಯಾರೂ ಕರಿಯೋದೇ ಬೇಡ ತಾನೆ?"

ಅಂದಿನಿಂದ ನಾನು ಅವರನ್ನು ಅಕ್ಕ ಎಂದೆ. ಅವರು ನನ್ನನ್ನು ಒಂದು ವಾರ ನೀವು ಎಂದು, ಆಮೇಲೆ ನೀನು ಎಂದರು.

ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ನಾವು ಜೊತೆಯಾಗಿ ತಿರುಗಿದೆವು. ಭಾನುವಾರ ಹತ್ತು ಗಂಟೆಗೆ ಅವರ ಫೋನು. "ಪೇಪರ್ ನೋಡ್ದಿಯಾ? ಬುಧವಾರ ಡೆಂಗ್ಯೂ ಬಗ್ಗೆ ಯಾರೋ ಮಾತಾಡ್ತಾರಂತೆ. ತಪ್ಪು ತಪ್ಪು ಹೇಳ್ತಾರೆ, ಬಾ, ಕೇಳೋಣ." ನಿಜವಾಗಿಯೂ ತಪ್ಪು ಹೇಳಿದರೆ ಅವರು ಎದ್ದು ನಿಂತು ತಿದ್ದುತ್ತಿದ್ದರು. ಮೆಟ್ರೋ ಕೆಲಸಕ್ಕೆ ಅಗೆದ ರಸ್ತೆಗಳನ್ನು ಸುತ್ತು ಹಾಕಿ, ಒಬ್ಬರ ತೋಳು ಒಬ್ಬರು ಹಿಡಿದು ನಡೆಯುತ್ತಿದ್ದೆವು. ಅವರ ಕನ್ನಡದಲ್ಲಿ ಅರ್ಧ ತಮಿಳು, ನನ್ನದರಲ್ಲಿ ಕಾಲು ಭಾಗ. ಆದರೂ ವಾರದಲ್ಲಿ ಎರಡು ದಿನ ಬಾಯಿ ತುಂಬ ಮಾತಾಡಿ ಮನೆಗೆ ಬಂದರೆ ಗಂಟಲು ನೋಯುತ್ತಿತ್ತು. ಆ ನೋವು ನನಗೆ ಹಿತವಾಗಿತ್ತು.

ಒಂದು ಮಾತ್ರ, ಅವರು ನನ್ನ ಮನೆಗೆ ಬರಲಿಲ್ಲ, ನನ್ನನ್ನು ಅವರ ಮನೆಗೆ ಕರೆಯಲೂ ಇಲ್ಲ. ಒಮ್ಮೆ ನಾನೇ, "ಅಕ್ಕ, ಶುಕ್ರವಾರ ಪತ್ರೊಡೆ ಮಾಡ್ತೇನೆ, ಊಟಕ್ಕೆ ಬನ್ನಿ" ಎಂದೆ. ಅವರ ಮುಖ ಸಣ್ಣದಾಯಿತು. "ಬೇಡಮ್ಮ. ಒಂದ್ಸಲ ಕರೆದುಬಿಟ್ರೆ, ಕರೀದೆ ಇರೋ ದಿನಾನೂ ಬರತ್ತೆ. ಹೀಗೇ ಇರೋಣ" ಎಂದರು. ಪತ್ರೊಡೆಯನ್ನು ಡಬ್ಬಿಯಲ್ಲಿ ಒಯ್ದು ಒಂದು ಸಭೆಯ ಹಿಂದಿನ ಸಾಲಿನಲ್ಲಿ ಕೊಟ್ಟೆ. ಭಾಷಣದ ನಡುವೆಯೇ ತಿಂದು ಮುಗಿಸಿದರು.

ಈ ವರ್ಷದ ಜನವರಿ, ತಮಿಳರ ತೈ ತಿಂಗಳ ಹೊತ್ತಿಗೆ ಒಂದು ಭಾನುವಾರ ಫೋನು ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಆ ವಾರದ ಎರಡು ಕಾರ್ಯಕ್ರಮಕ್ಕೂ ಹೋಗಿ ಬಾಗಿಲು ಕಾಣುವ ಹಾಗೆ ಕೂತೆ. ಬರಲಿಲ್ಲ. ಅಶೋಕ್ ನಗರದ ಕಡೆ ಎಂದಷ್ಟೇ ಗೊತ್ತು, ಬೀದಿ ಗೊತ್ತಿಲ್ಲ. ಇಷ್ಟು ದಿನ ಜೊತೆಗಿದ್ದು ಮನೆ ಎಲ್ಲಿ ಎಂದೂ ತಿಳಿದುಕೊಳ್ಳದ ನನ್ನ ಮೇಲೇ ಸಿಟ್ಟು ಬಂತು. ಹನ್ನೊಂದನೆಯ ದಿನ ಬೇರೊಂದು ನಂಬರಿನಿಂದ ಫೋನು.

"ನಾನು ಕಣೆ. ಕುಂಭಕೋಣದಲ್ಲಿ ಇದ್ದೀನಿ."

"ಅಕ್ಕ! ಎಂತ ಆಯ್ತು? ನನಗೆ ಜೀವ ಹೋದ ಹಾಗಾಗಿತ್ತು."

"ಅಣ್ಣನಿಗೆ ಸ್ಟ್ರೋಕು. ಒಂದು ಕಡೆ ಪೂರ್ತಿ ಬಿದ್ದುಹೋಗಿದೆ. ಅತ್ತಿಗೆ ಫೋನ್ ಮಾಡಿದ್ರು. ನೀನು ನರ್ಸು ತಾನೆ, ಬಂದು ನೋಡ್ಕೋ ಅಂತ. ಅವಸರದಲ್ಲಿ ಚಾರ್ಜರ್ ಕೂಡ ಬಿಟ್ಟು ಬಂದೆ."

ನನಗೆ ತಡೆಯಲಾಗಲಿಲ್ಲ. "ನರ್ಸು ಅಂತ ತಾನೇ ನಲವತ್ತು ವರ್ಷ ಬಾಗಿಲು ಹಾಕಿದ್ದು? ಈಗ ನರ್ಸು ಅಂತಲೇ ಕರೀತಾರಾ? ನಿಮಗೆ ನಾಚಿಕೆ ಇಲ್ವಾ ಅಕ್ಕ, ಓಡಿಹೋಗೋದಕ್ಕೆ?"

ಆ ಕಡೆ ಯಾವುದೋ ಪಾತ್ರೆಯ ಸದ್ದು ಬಂತು.

"ಕರೆದ್ರಲ್ಲ" ಎಂದರು. "ನನಗೆ ಅಷ್ಟು ಸಾಕಮ್ಮ."

ಫೋನಿಟ್ಟ ಮೇಲೆ ನನ್ನ ಕೋಪ ಅವರ ಅತ್ತಿಗೆಯ ಮೇಲಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕನಿಗೆ ಹೋಗಲು ಒಂದು ಮನೆ ಸಿಕ್ಕಿತ್ತು. ನನಗೆ ಹೊಟ್ಟೆಕಿಚ್ಚಾಗಿತ್ತು. ಬರೆಯಲು ಈಗಲೂ ಸಂಕೋಚವಾಗುತ್ತದೆ, ಆದರೆ ಇದ್ದದ್ದು ಅದೇ.

ಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು, ಆಮೇಲೆ ಎರಡು ವಾರಕ್ಕೊಮ್ಮೆ. ಮಾತಿನ ನಡುವೆ ಯಾರೋ ಕೂಗುತ್ತಿದ್ದರು, "ಬಂದೆ" ಎಂದು ಇಟ್ಟುಬಿಡುತ್ತಿದ್ದರು. ಅಶೋಕ್ ನಗರದ ಬಾಡಿಗೆ ಮನೆ ಬಿಟ್ಟರೆಂದೂ ತಿಳಿಯಿತು. ಐದಾರು ತಿಂಗಳಾದ ಮೇಲೆ ನಾನೇ, "ಒಂದು ದಿನ ಬಂದು ನೋಡಲಾ?" ಎಂದು ಕೇಳಿದೆ. ಕರೆಯದೆ ಹೋಗುವ ಅಭ್ಯಾಸ ನನಗೆ ಚೆನ್ನಾಗಿಯೇ ಆಗಿತ್ತಲ್ಲ. "ಬಾ ಬಾ, ಅವಶ್ಯ ಬಾ" ಎಂದರು. ಬೆಳಗಿನ ರೈಲಿಗೆ ಹೋದೆ.

ಹಳೆಯ ಕಾಲದ ಉದ್ದನೆಯ ಮನೆ. ನಡುಮನೆಯ ಮಂಚದ ಮೇಲೆ ಅಣ್ಣ ಮಲಗಿದ್ದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ಕಂಡು ನಕ್ಕರು, ಕೈ ಬಿಡಲಿಲ್ಲ. "ಇರು, ಇದೊಂದು ಮುಗಿಸಿಬಿಡ್ತೀನಿ." ಅದು ಮುಗಿದ ಮೇಲೆ ಗಂಜಿ, ಗಂಜಿಯ ಮೇಲೆ ಔಷಧಿ. ಅತ್ತಿಗೆ ನನಗೆ ಕಾಫಿ ತಂದುಕೊಟ್ಟು ಎದುರಿಗೆ ಕೂತರು. ಒಳ್ಳೆಯ ಹೆಂಗಸಿನ ಹಾಗೇ ಕಂಡರು. ನಾನು ಅವರನ್ನು ದ್ವೇಷಿಸಲು ತಯಾರಾಗಿ ಬಂದಿದ್ದೆ.

"ಇವಳು ಇಲ್ದಿದ್ರೆ ನಮ್ಮ ಗತಿ ಏನು?" ಎಂದರು. "ಮೊದಲೇ ಕರೀಬೇಕಾಗಿತ್ತು. ನಮ್ಮದು ತಪ್ಪು." ಇದನ್ನು ಅಕ್ಕನ ಎದುರಿಗೇ ಹೇಳಿದರು. ಅಕ್ಕ ಚಮಚ ತೊಳೆಯುತ್ತಿದ್ದರು, ತಿರುಗಿ ನೋಡಲಿಲ್ಲ. ಆದರೆ ಅವರ ಕಿವಿ ಕೆಂಪಾದದ್ದು ನನಗೆ ಕಾಣಿಸಿತು.

ನಾನು ಅಲ್ಲಿ ಒಂದು ದಿನ ಇದ್ದೆ. ನಾವಿಬ್ಬರೇ ಕೂತು ಮಾತಾಡಿದ್ದು ಹೆಚ್ಚೆಂದರೆ ಕಾಲು ಗಂಟೆ, ಅದೂ ಹಿತ್ತಿಲಲ್ಲಿ ಅವರು ಬಟ್ಟೆ ಒಣಹಾಕುವಾಗ. ಚೆನ್ನೈಯಲ್ಲಿ ಏನು ವಿಶೇಷ ಎಂದರು. ಪಾರ್ಕಿನ ಸಭೆಯಲ್ಲಿ ಜಗಳವಾದದ್ದು, ಕಸದ ತರಬೇತಿಗೆ ಮೂರೇ ಜನ ಬಂದದ್ದು ಹೇಳಿದೆ. ನಕ್ಕರು. "ಇಲ್ಲಿ ನನಗೆ ಹೊರಗಡೆ ಹೋಗೋಕೇ ಆಗಲ್ಲ. ಕೋವಿಲಿಗೆ ಹೋಗಿ ದೇವರಿಗೆ ಕೈ ಮುಗಿದು ತಿಂಗಳಾಯ್ತು" ಎಂದರು. ಅದು ದೂರೋ ಹೆಮ್ಮೆಯೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು.

"ಮತ್ತೆ ಬರ್ತೀರಾ ಅಕ್ಕ, ಆ ಕಡೆ?"

ಒದ್ದೆ ಬಟ್ಟೆಯನ್ನು ಕೊಡವಿ ತಂತಿಯ ಮೇಲೆ ಹಾಕಿದರು. "ಅಣ್ಣ ಇರೋ ತನಕ ಇಲ್ಲೇ. ಆಮೇಲೆ ನೋಡೋಣ." ಒಳಗಿನಿಂದ ಅಣ್ಣ ತೊದಲುತ್ತ ಕರೆದರು. ಅಕ್ಕನ ಹೆಸರನ್ನೇ ಕರೆದರು, ಮಾತು ಪೂರ್ತಿ ತಿರುಗುತ್ತಿರಲಿಲ್ಲ, ಆದರೂ ತಿಳಿಯುತ್ತಿತ್ತು. ಅಕ್ಕ ಬಕೆಟ್ಟು ಅಲ್ಲೇ ಬಿಟ್ಟು ಹೋದರು. ಉಳಿದ ಬಟ್ಟೆಗಳನ್ನು ನಾನು ಒಣಹಾಕಿದೆ.

ಮರುದಿನ ಮಧ್ಯಾಹ್ನದ ರೈಲಿಗೆ ಹೊರಟೆ. ಅಕ್ಕ ಬಾಗಿಲ ತನಕ ಬಂದು ಒಂದು ಪೊಟ್ಟಣ ಪುಳಿಯೋಗರೆ ಕೈಗಿಟ್ಟು, "ಹುಷಾರಾಗಿ ಹೋಗು. ಇಳಿದ ಕೂಡಲೇ ಫೋನ್ ಮಾಡು" ಎಂದರು. ಬೀದಿಯ ತಿರುವಿನಲ್ಲಿ ಹಿಂದೆ ನೋಡಿದೆ. ಒಳಗೆ ಹೋಗಿದ್ದರು.

ರೈಲಿನಲ್ಲಿ ಎದುರು ಸೀಟಿನ ಹೆಂಗಸು ಎಲ್ಲಿಂದ ಬರುತ್ತಿದ್ದೀರಿ, ಯಾರ ಮನೆಗೆ ಹೋಗಿದ್ದಿರಿ ಎಂದೆಲ್ಲ ವಿಚಾರಿಸಿದರು. ಸಂಬಂಧಿಕರಾ ಎಂದರು. ಅಲ್ಲ, ಸ್ನೇಹಿತೆ ಎಂದು ತಮಿಳಿನಲ್ಲಿ ಹೇಳಿದೆ. ಆ ಮಾತನ್ನು ಅದುವರೆಗೆ ಯಾರ ಹತ್ತಿರವೂ ಹೇಳುವ ಸಂದರ್ಭ ಬಂದಿರಲಿಲ್ಲ. ಆಕೆ ತಲೆಯಾಡಿಸಿ ಸ್ವಲ್ಪ ಹೊತ್ತಿಗೆ ಕಿಟಕಿಗೆ ಒರಗಿ ನಿದ್ದೆಹೋದರು. ಪುಳಿಯೋಗರೆ ಬಿಚ್ಚಿ ತಿಂದೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಹೊರಗೆ ಗದ್ದೆ, ಇಟ್ಟಿಗೆ ಗೂಡು, ಮತ್ತೆ ಗದ್ದೆ. ಮದರಾಸು ಹತ್ತಿರವಾಗಿ ಚೆಂಗಲ್ಪಟ್ಟು ದಾಟುವ ತನಕ ಹಾಗೇ ನೋಡುತ್ತ ಕೂತಿದ್ದೆ. ಆಮೇಲೆ, ಇಳಿದ ಕೂಡಲೇ ಫೋನ್ ಮಾಡಬೇಕಲ್ಲ ಎಂದು ಮೊಬೈಲನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದೆ.